ಸರಿಯುತ್ತರದ ಜಲಜಕ್ಕ ಮತ್ತು ಸರ್ಪಸುತ್ತು

"ಸೂರ್ಯ ಭೂಮಿಯನ್ನು ಸುತ್ತುತ್ತದೆಯೋ, ಭೂಮಿ ಸೂರ್ಯನನ್ನೋ?" ಎಂದು ಕೇಳಿದೆ. ಕಾಪುವಿನ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ನಿಮಗೆ ಯಾವುದು ಬೇಕು, ಶಾಲೆಯ ಉತ್ತರವಾ, ಪಂಚಾಂಗದ್ದಾ?" ಎಂದರು. ಅದಕ್ಕೆ ನನ್ನ ಸಮೀಕ್ಷೆಯ ಫಾರ್ಮಿನಲ್ಲಿ ಕಾಲಂ ಇರಲಿಲ್ಲ.

ವಿಜಯಪುರದಿಂದ ಬಂದು ಕರಾವಳಿಯ ಈ ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ. ಯಾವ ದೇಶದ ಜನಕ್ಕೆ ವಿಜ್ಞಾನ ಎಷ್ಟು ಗೊತ್ತು ಎಂದು ಹೋಲಿಸುವ ಸಮೀಕ್ಷೆಗಾಗಿ ಮನೆಮನೆ ಅಲೆಯುವುದು ನನ್ನ ಕೆಲಸ. ಜರ್ಮನಿಯಲ್ಲೂ ಇವೇ ಪ್ರಶ್ನೆಗಳಂತೆ. ನಮ್ಮ ಕಡೆಯಾಗಿದ್ದರೆ ಒಳಗೆ ಕರೆದು, ಚಹಾ ಕೊಟ್ಟು, ನಾಲ್ಕು ಮಾತು ಬೈದು ಕಳಿಸುತ್ತಿದ್ದರು. ಇಲ್ಲಿ ವಿನಯದಿಂದ, ಪುಸ್ತಕದ ಕನ್ನಡದಲ್ಲಿ, ಗೇಟಿನ ಬಳಿಯೇ ಮುಗಿಸುತ್ತಾರೆ. ಆಮೇಲೆ ಒಳಗೆ ತಿರುಗಿ ತುಳುವಿನಲ್ಲಿ ಏನೋ ಹೇಳಿ ನಗುತ್ತಾರೆ. ಕುಚ್ಚಲಕ್ಕಿ ಗಂಜಿಗೆ ಹೊಟ್ಟೆ ಒಗ್ಗಿತು, ಆ ನಗೆಗೆ ಮನಸ್ಸು ಒಗ್ಗಿಲ್ಲ. ಸಾಕಾಗಿಹೋಗಿದೆ.

ಮನೆಯ ಒಡತಿ ಜಲಜಕ್ಕ ಹೈಸ್ಕೂಲಿನ ವಿಜ್ಞಾನ ಟೀಚರ್. ನನ್ನ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಕೊಟ್ಟವರು ಅವರೊಬ್ಬರೇ. ಹೋದ ತಿಂಗಳು ಅವರಿಗೇ ಹಣೆಯಿಂದ ಕಣ್ಣಿನತ್ತ ಸರ್ಪಸುತ್ತು ಎದ್ದಿತು. ಅದು ವೈರಸ್ಸಿನಿಂದ ಬರುವ ಗುಳ್ಳೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕಾರ್ಕಳದ ಹತ್ತಿರ ಯಾರಲ್ಲಿಗೋ ಹೋಗಿ ಕೆಮ್ಮಣ್ಣಿನಲ್ಲಿ ಹಾವು ಬರೆಸಿಕೊಂಡು ಬಂದರು. ಸುತ್ತಿನ ತಲೆ, ಬಾಲ ಕೂಡಿದರೆ ಜೀವಕ್ಕೇ ಅಪಾಯವಂತೆ.

"ಅಕ್ಕಾರ, ಕಣ್ಣಿಗೆ ಕುತ್ತು ಬರ್ತೈತ್ರಿ. ಮಣಿಪಾಲಕ್ಕ ನಡೀರಿ," ಎಂದೆ.

"ಆಸ್ಪತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ತಿ. ನಾಗನ ವಿಷಯ ಉಂಟಲ್ವಾ, ಮೊದಲು ಅದು ಮುಗಿಯಲಿ."

ಜರ್ಮನಿಯಲ್ಲಿ ನರ್ಸ್ ಆಗಿರುವ ಅವರ ಮಗಳಿಗೆ ಫೋನು ಹಚ್ಚಿದೆ, ಆ ದೇಶವಾದರೂ ನನ್ನ ಪರ ನಿಲ್ಲಲಿ ಎಂದು. ಮಗಳು ತಾಯಿಗೆ ತುಳುವಿನಲ್ಲಿ ಚೆನ್ನಾಗಿ ಬೈದಳು. ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿ, "ಎಂತ ಮಾಡುವುದು ಹೇಳಿ, ಇಲ್ಲಿಯವರೂ ಹೀಗೆಯೇ. ಪಕ್ಕದ ಮನೆಯ ಟೀಚರ್ ಇದೇ ಗುಳ್ಳೆಗೆ ಫೋನಿನಲ್ಲಿ ಮಂತ್ರ ಹಾಕಿಸಿಕೊಂಡರು," ಎಂದಳು. ಹಾಗೆ ಮಂತ್ರಿಸುವುದಕ್ಕೆ ಅಲ್ಲಿ 'ಬೆಶ್ಪ್ರೆಖನ್' ಎನ್ನುತ್ತಾರಂತೆ. ಜಲಜಕ್ಕನ ಮುಖ ಅರಳಿತು. "ನೋಡು, ಅಲ್ಲಿಯೂ ಉಂಟು!" ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು ನನ್ನ ಸ್ಥಿತಿ.

ಮರುದಿನ ಕಣ್ಣು ಊದಿ ಮುಚ್ಚಿಕೊಂಡಿತು. ಆಗ ತಾವಾಗಿಯೇ ಆಟೋ ಹತ್ತಿದರು, ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮಣಿಪಾಲದ ಡಾಕ್ಟರು ದೃಷ್ಟಿ ಉಳಿಯುವುದು ಖಚಿತವಿಲ್ಲ ಎಂದು ಹೇಳಿ ಅವರನ್ನು ಒಳಗೆ ಕರೆದೊಯ್ದರು. ಹೊರಗೆ ಬೆಂಚಿನ ಮೇಲೆ ಕೂತಾಗ, ಈ ಊರಿನಲ್ಲಿ ನನ್ನನ್ನು "ಊಟ ಆಯ್ತಾ" ಎಂದು ಕೇಳುವವರು ಅವರೊಬ್ಬರೇ ಎಂಬುದು ಹೊಳೆದು ಹೆದರಿಕೆಯಾಯಿತು.

ಕಣ್ಣು ಉಳಿಯಿತು. ತಡಮಾಡಿದ್ದಕ್ಕೆ ತುಸು ಮಬ್ಬು ಉಳಿದಿದೆ. ಜಲಜಕ್ಕ ಮತ್ತೆ ಶಾಲೆಗೆ ಹೋಗುತ್ತಿದ್ದಾರೆ.

ಅವರಿಗೆ ಒಂದು ಸಂಗತಿ ಇನ್ನೂ ಹೇಳಿಲ್ಲ. ಆ ಬೆಂಚಿನ ಮೇಲೆ, ಸಮೀಕ್ಷೆಯ ಚೀಲವನ್ನು ಎದೆಗೆ ಒತ್ತಿಕೊಂಡು, ನಾನು ಹರಕೆ ಹೊತ್ತೆ. ಅವ್ವನಿಗಂತೂ ಹೇಳುವ ಹಾಗೇ ಇಲ್ಲ. ಹುಟ್ಟಿದಾಗಿನಿಂದ ಕೈಮುಗಿದ ಸವದತ್ತಿ ಎಲ್ಲಮ್ಮನ ಹೆಸರು ಆಗ ನಾಲಿಗೆಗೆ ಬರಲೇ ಇಲ್ಲ. ಬಂದವಳು ಈ ಕಡೆಯವರ ದೇವಿ, ಕಡಿಯಾಳಿಯ ಮಹಿಷಮರ್ದಿನಿ.