ನರ್ಸಬಾಯಿಯ ಬಂದೂಕು

ಘಾಟಬೋರಾಳದ ದವಾಖಾನೆಯಲ್ಲಿದ್ದ ನರ್ಸಬಾಯಿ ಸೂಜಿ ಚುಚ್ಚುವ ಮೊದಲು ಎಲ್ಲರಿಗೂ “ಆ ಕಡಿ ನೋಡ್ರಿ” ಎನ್ನುತ್ತಿದ್ದರು. ನಾವು ಗೋಡೆ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಹೊಲಕ್ಕೆ ಬರುವ ಹಂದಿಗಳನ್ನು ಬೆದರಿಸಲು ಅವರ ಹತ್ತಿರ ಲೈಸೆನ್ಸಿನ ಬಂದೂಕೂ ಇತ್ತು. “ಬಂದೂಕ ಹಿಡಿಯೋ ಕೈಲಿಂದ ಕೂಸಿಗ ಸೂಜಿ ಹ್ಯಾಂಗ ಹಾಕಸ್ತಿ?” ಎಂದು, ನಾನು ಮಗಳನ್ನು ದವಾಖಾನೆಗೆ ಒಯ್ಯುವಾಗಲೆಲ್ಲ ಅವ್ವ ನನ್ನ ಮೇಲೆ ಸಿಡುಕುತ್ತಿದ್ದಳು. ಹಂದಿಗಳು ನಮ್ಮ ಕಬ್ಬಿಗೆ ನುಗ್ಗಿದ ಸಂಜೆ “ನರ್ಸಬಾಯಿಗ ಕರಕೊಂಡ ಬಾ, ಲಗೂನ” ಎಂದವಳೂ ಅವಳೇ.

ನರ್ಸಬಾಯಿ ಬದುವಿನ ಮೇಲೆ ನಿಂತು ಬಂದೂಕನ್ನು ಮುಗಿಲಿಗೆ ಎತ್ತಿ, ಅದೇ ದನಿಯಲ್ಲಿ “ಆ ಕಡಿ ನೋಡ್ರಿ” ಎಂದರು. ಎಲ್ಲರೂ ತಿರುಗಿದರು, ನಾನೊಬ್ಬನೇ ತಿರುಗಲಿಲ್ಲ. ಗುಂಡು ಹಾರಿತು. ನರ್ಸಬಾಯಿ ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಆ ಕಡೆ ತಿರುಗಿಸಿದ್ದರು.

ನನ್ನ ಮಗಳಿಗೆ ಸೂಜಿ ಚುಚ್ಚುವಾಗ ಅವರು ಯಾವ ಕಡೆ ನೋಡುತ್ತಿದ್ದರೋ ಇಂದಿಗೂ ತಿಳಿಯದು. ನಾನು ಗೋಡೆ ನೋಡುತ್ತಿದ್ದೆ.