ತುಂಗಾಳ ಕೊರಳ ಗಡಿಯಾರ

ಮಡಿಕೇರಿಯ ತುಂಗಾ ತವರಿನಿಂದ ತಂದದ್ದರಲ್ಲಿ ಉಳಿದದ್ದು ಒಂದೇ, ಸರಕ್ಕೆ ಪೋಣಿಸಿ ಕೊರಳಿಗೆ ಹಾಕುವ ಪುಟ್ಟ ಚಿನ್ನದ ಗಡಿಯಾರ. ಅವಳ ಮುತ್ತಜ್ಜ ಸಿದ್ದಾಪುರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ, ಊರು ಬಿಟ್ಟು ಹೊರಟ ದೊರೆಸಾನಿ ಮುತ್ತಜ್ಜಿಯ ಕೈಗಿಟ್ಟದ್ದಂತೆ. ಅದಕ್ಕೆ ಬೇರೆ ಕೀಲಿಕೈ ಬೇಡ, ತಲೆಯ ಗುಂಡಿ ತಿರುಗಿಸಿದರೆ ಕೀ ಕೊಟ್ಟಂತೆ. ಮುಳ್ಳು ಸರಿಸಬೇಕಾದರೆ ಮಾತ್ರ ಗುಂಡಿಯ ಪಕ್ಕದ ಸಣ್ಣ ಮೊಳೆಯನ್ನು ಉಗುರಿನಿಂದ ಒತ್ತಿ ಹಿಡಿದು ತಿರುಗಿಸಬೇಕು.

ಮಾವ ತಿಮ್ಮಪ್ಪಯ್ಯ ದೇವಸ್ಥಾನದ ಅರ್ಚಕರು. ಸೊಂಟದಲ್ಲಿ ಮೊಬೈಲ್ ಸಿಕ್ಕಿಸಿಕೊಂಡಿದ್ದರೂ ಮುಹೂರ್ತಕ್ಕೆ ಅವರಿಗೆ ಈ ಗಡಿಯಾರವೇ ಆಗಬೇಕು. ಸ್ನಾನ ಮಾಡಿದ ಮುತ್ತೈದೆಯೇ ಅದಕ್ಕೆ ಕೀ ಕೊಡಬೇಕೆಂಬುದು ಅವರೇ ಹುಟ್ಟಿಸಿದ ಶಾಸ್ತ್ರ. ತುಂಗಾಳ ಗಂಡ ತೀರಿಕೊಂಡದ್ದೇ ತಡ, ಗಡಿಯಾರ ದೇವರ ಕೋಣೆ ಸೇರಿತು, ಕೀ ಕೊಡುವ ಕೆಲಸ ಓರಗಿತ್ತಿ ಮಾಳವಿಕಾಳ ಪಾಲಾಯಿತು. ಚಿನ್ನಕ್ಕೆ ಮೈಲಿಗೆಯಿಲ್ಲ, ಅದನ್ನು ತಂದವಳಿಗೆ ಮಾತ್ರ ಉಂಟು. ಎಷ್ಟು ಅನುಕೂಲದ ಶಾಸ್ತ್ರ ನೋಡಿ.

ತುಂಗಾ ಕೇಳಿಕೊಂಡದ್ದು ಇಷ್ಟೇ, ಮಗಳು ಆಶ್ರಿತಾಳ ಮದುವೆಯ ದಿನ ಅದು ಅವಳ ಕೊರಳಲ್ಲಿರಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಈ ಪೂಜಾರಿ ಕೊಟ್ಟರು, ಕೊಕ್ಕೆ ಇಟ್ಟು ಕೊಟ್ಟರು.

"ನಡೀತಾ ಇದ್ರೆ ಹಾಕ್ಲಿ. ನಿಂತ ಗಡಿಯಾರ ಮದುಮಗಳ ಕೊರಳಿಗೆ ಆಗೋದಿಲ್ಲ."

ಮದುವೆಯ ಬೆಳಿಗ್ಗೆ ಗಡಿಯಾರ ಸ್ವಲ್ಪ ಹಿಂದಿತ್ತು. ಸರಿಮಾಡೆಂದು ಮಾವ ಮಾಳವಿಕಾಳಿಗೆ ಹೇಳಿದರು. ಕೈಗಡಿಯಾರ ಕಟ್ಟಿ ಅಭ್ಯಾಸವಿದ್ದ ಅವಳು ಗುಂಡಿಯನ್ನು ಹೊರಕ್ಕೆ ಎಳೆಯತೊಡಗಿದಳು. ಅಡುಗೆಮನೆಯ ಬಾಗಿಲಲ್ಲಿದ್ದ ತುಂಗಾ ಕೂಗಿದಳು.

"ಎಳೀಬೇಡ ಮಾಳವಿಕಾ, ಪಕ್ಕದಲ್ಲಿ ಮೊಳೆ ಉಂಟು, ಅದನ್ನ..."

"ಶುಭದ ಹೊತ್ತಲ್ಲಿ ನಿನ್ನ ಸ್ವರ ಕೇಳೋದು ಬೇಡ," ಎಂದರು ಮಾವ.

ತುಂಗಾ ಒಳಕ್ಕೆ ಸರಿದಳು. ಮಾಳವಿಕಾ ಸೆರಗಿನಿಂದ ಗುಂಡಿಯನ್ನು ಬಿಗಿಯಾಗಿ ಹಿಡಿದು ಜಗ್ಗಿದಳು. ಅದು ಒಳಗಿನ ಕಡ್ಡಿಸಮೇತ ಕಿತ್ತು ಬಂತು. ಗಡಿಯಾರ ನಿಂತಿತು.

"ಬೇಡದ ಬಾಯಿ ಬಿದ್ರೆ ಹೀಗೇ ಆಗೋದು," ಎಂದರು ತಿಮ್ಮಪ್ಪಯ್ಯ. ಕಿತ್ತ ಗುಂಡಿ ಮಾಳವಿಕಾಳ ಬೆರಳುಗಳ ನಡುವೆಯೇ ಇತ್ತು. ಅವಳೂ ಹೌದೆಂದು ತಲೆಯಾಡಿಸಿದಳು. ನಾಚಿಕೆಗೆಟ್ಟವಳು.

ಅವರ ಮಾತು ತುಂಗಾಳಿಗೆ ಹೊಸದಲ್ಲ. ಸ್ವಲ್ಪ ಹೊತ್ತಿಗೆ ಆಶ್ರಿತಾ ಸೀರೆಯ ನೆರಿಗೆ ಎತ್ತಿ ಹಿಡಿದು ಅಡುಗೆಮನೆಗೆ ಬಂದಳು. ಮಗಳು ಸಮಾಧಾನ ಹೇಳಲು ಬಂದಳೆಂದು ತುಂಗಾ ಕಣ್ಣೊರೆಸಿಕೊಂಡು ಎದ್ದಳು.

"ಇವತ್ತೊಂದು ದಿನ ಸುಮ್ಮನಿರ್ಲಿಕ್ಕೆ ಆಗ್ಲಿಲ್ವಾ ಅಮ್ಮ ನಿಂಗೆ? ಧಾರೆ ಮುಗಿಯೋವರೆಗೆ ಹೊರಗೆ ಬರ್ಬೇಡ."

ಹೇಳಿ, ಮದರಂಗಿಯ ಕೈಯಿಂದಲೇ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು.