ಗೋಡೆಯ ಮೇಲೆ ಬರೆದ ನಂಬರು

ಸಗರದ ಭಗವಂತರಾಯನಿಗೆ ಕಾಲುವೆಯ ಗೇಟು ಎತ್ತಿಳಿಸುವ ಕೆಲಸ. ಯಾವ ಹೊಲಕ್ಕೆ ಯಾವ ಹೊತ್ತಿಗೆ ನೀರು ಎಂಬ ಪಾಳಿಯನ್ನು ಪ್ರತಿ ಹಂಗಾಮಿನ ಮೊದಲು ತೂಬಿನ ಗೋಡೆಯ ಮೇಲೆ ಅವನೇ ಎಣ್ಣೆಬಣ್ಣದಲ್ಲಿ ಬರೆಯುತ್ತಾನೆ. ಬರೆದರೆ ಜಗಳ ಕಡಿಮೆ.

ಅವನ ಪಡಸಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಸದಾ ಓಡುತ್ತಿರುತ್ತದೆ. ಅದು ಆಟದ ಸರ್ವರ್. ಕಾಲುವೆ ಬಂದ್ ಇದ್ದ 2020ರ ಬೇಸಿಗೆಯಲ್ಲಿ, ಐಟಿಐನಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ಜೋಡಿಸಿದ್ದು. ಬಯಲಿನಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಊರು ಕಟ್ಟುವ ಆಟ. ಸಗರ, ಶಹಾಪುರ, ಸುರಪುರದ ನಲವತ್ತು ಮಂದಿ ತಮ್ಮ ಫೋನಿನಿಂದ ಬಂದು ಆಡುತ್ತಿದ್ದರು. ಮನೆಯ ಇಂಟರ್ನೆಟ್ ಲೈನು ಸಣ್ಣದು. ಒಮ್ಮೆಗೆ ಎಂಟು ಜನರಷ್ಟೇ. ಹಾಗಾಗಿ ಇಲ್ಲಿಯೂ ಪಾಳಿ ಹಚ್ಚಿದ. ಪಾಳಿಯ ಪಟ್ಟಿಯನ್ನು, ಅದರ ಕೆಳಗೆ ಸರ್ವರಿಗೆ ಬರಲು ಒತ್ತಬೇಕಾದ ಮನೆ ಲೈನಿನ ಐಪಿ ನಂಬರನ್ನು, ಹೊರಗೋಡೆಯ ಮೇಲೆ ನೀಲಿ ಎಣ್ಣೆಬಣ್ಣದಲ್ಲಿ ಬರೆದ. ಒಂದು ಕಾಯಿದೆಯನ್ನೂ ಮಾಡಿದ: ಆಟದಲ್ಲಿ ಮೂವತ್ತು ದಿನ ಯಾರೂ ಮುಟ್ಟದ ಜಾಗ ತಾನಾಗಿ ಅಳಿಸಿಹೋಗಿ ಬೇರೆಯವರಿಗೆ ಸಿಗಬೇಕು. ಅದನ್ನು ಕಂಪ್ಯೂಟರಿಗೇ ಒಪ್ಪಿಸಿ ಮರೆತ.

ಶನಿವಾರ ಸಂಜೆ ಆರರಿಂದ ಎಂಟು, ಎಂಟು ಮಂದಿಯಲ್ಲಿ ಒಬ್ಬಳಾಗಿ ಸುರಪುರದ ಮೌನಮ್ಮನ ಪಾಳಿ. ಐವತ್ತೆರಡು ವರ್ಷದ ಹೊಲಿಗೆಯಾಕೆ. ರಸ್ತೆ ಅಗಲ ಮಾಡುವಾಗ ಹೋದ ತನ್ನ ಓಣಿಯನ್ನು ಆಟದಲ್ಲಿ ಒಂದು ವರ್ಷದಿಂದ ಕಟ್ಟುತ್ತಿದ್ದಳು: ಹನ್ನೊಂದು ಮನೆ, ಒಂದು ಸೇದುಬಾವಿ, ಅಪ್ಪ ಕೂತು ಎಲೆ ಹಾಕುತ್ತಿದ್ದ ಕಟ್ಟೆ. ಓಣಿಯ ಫೋಟೊ ಯಾರ ಹತ್ತಿರವೂ ಇರಲಿಲ್ಲ. ಮಲಕಮ್ಮ ಎಂಬ ಮುದುಕಿ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ನೆನೆದು ಹೇಳುತ್ತಿದ್ದಳು, ಮೌನಮ್ಮ ಅಷ್ಟೇ ಇಟ್ಟಿಗೆ ಇಡುತ್ತಿದ್ದಳು.

2021ರ ಅಕ್ಟೋಬರಿನ ಒಂದು ಶನಿವಾರ ಭಗವಂತರಾಯ ಅವಳ ಹೊತ್ತನ್ನು ಶಹಾಪುರದ ಒಬ್ಬನಿಗೆ ಕೊಟ್ಟ. ಮೌನಮ್ಮ ಆಡುವವರ ಫೋನಿನ ಗುಂಪಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ನನ್ನ ಪಾಳಿ ಕಸಗೊಂಡಿ ತಮ್ಮಾ. ಹಂಗಾರ ಯಾರೂ ಆಡಬ್ಯಾಡ್ರಿ, ಬಂದ್ ಮಾಡು.”

ಮರುದಿನ ಸಂಜೆ ಸರ್ವರ್ ಬಿತ್ತು. ಎಲ್ಲೆಲ್ಲಿಂದಲೋ ಸಾವಿರಾರು ಸುಳ್ಳು ಕರೆಗಳು ಒಟ್ಟಿಗೆ ನುಗ್ಗಿ ಲೈನು ತುಂಬಿಹೋಯಿತು, ಆಡುತ್ತಿದ್ದವರೆಲ್ಲ ಹೊರಬಿದ್ದರು. ದಿನಾ ಸಂಜೆ ಇದೇ ಆಯಿತು. ಮೌನಮ್ಮನ ಅಳಿಯನಿಗೆ ಮೊಬೈಲ್ ಅಂಗಡಿ ಇತ್ತು. ಭಗವಂತರಾಯನಿಗೆ ಅಷ್ಟು ಸಾಕಾಯಿತು. ನೀರು ಕದ್ದವನ ಹೆಸರಿಗೆ ಆ ಹಂಗಾಮಿನ ಮಟ್ಟಿಗೆ ಸುಣ್ಣ ಬಳಿಯುವುದು ಅವನ ತೂಬುಗಳ ರೂಢಿ. ಮನೆಯ ಗೋಡೆಯ ಮೇಲೆ ಮೌನಮ್ಮನ ಹೆಸರಿಗೂ ಸುಣ್ಣ ಬಳಿದ, ಸರ್ವರಿನಲ್ಲೂ ಅವಳನ್ನು ತಡೆದ.

ಅವಳು ಒಮ್ಮೆ ಫೋನ್ ಮಾಡಿದಳು. “ನಾ ಅಂಥಾಕಿ ಅನಸ್ತೀನೇನು?”

“ಹಂಗಾಮ ಮುಗೀಲಿ ಅಕ್ಕಾ, ನೋಡೂಣು,” ಎಂದ.

ದಾಳಿ ನಿಲ್ಲಲಿಲ್ಲ. ಮನೆಯ ರೂಟರಿನಲ್ಲಿ ಸುಳ್ಳು ಕರೆ ಬಂದ ಒಂದೊಂದೇ ನಂಬರನ್ನು ತಡೆಯುತ್ತ ಕೂತ. ಹೆಂಡತಿ ಗುರುಲಿಂಗಮ್ಮ ನಕ್ಕಳು. “ಊರ ಕಾಲುವಿಗೆ ಗೇಟ್ ಹಾಕಾಂವ್ಗ ಮನಿ ಲೈನಿಗೆ ಹಾಕಾಕ ಬರವಲ್ದು.”

ಶಹಾಪುರದಲ್ಲಿ ಇಂಟರ್ನೆಟ್ ಕೊಡುವ ಸಣ್ಣ ಆಫೀಸಿನ ಅನ್ವರಬಿ ಕಾರಣ ಹೇಳಿದಳು. “ಹೊಲದಾಗ ಒಡ್ಡು ಹಾಕಿದ್ರೇನ್ರಿ, ಕಾಲುವಿ ಮೊದಲ ತುಂಬಿ ಬಂದದ. ಮ್ಯಾಲೇ ತಡೀಬೇಕು.” ಅವಳ ಮಾತಿನಂತೆ ಒಂದು ಕಾವಲು ಸೇವೆಗೆ ಸೇರಿದ. ಆಡುವವರು ಇನ್ನು ದೂರದ ಆ ಕಂಪ್ಯೂಟರಿಗೆ ಹೋಗುತ್ತಾರೆ. ಅದು ಸುಳ್ಳು ಕರೆಗಳನ್ನು ಸೋಸಿ ನಿಜದವನ್ನಷ್ಟೇ ಮನೆಗೆ ಕಳಿಸುತ್ತದೆ. ಆದರೂ ಲೈನು ಸಂಜೆಗೆ ಮತ್ತೆ ತುಂಬುತ್ತಿತ್ತು.

ಅನ್ವರಬಿ ಲೈನು ನೋಡಲು ಮನೆಗೇ ಬಂದಳು. ಒಳಗೆ ಬರದೆ ಗೋಡೆಯ ಮುಂದೆ ನಿಂತಳು.

“ಇದೇನ್ರಿ?”

“ಪಾಳಿ ಪಟ್ಟಿ.”

“ಕೆಳಗ?”

“ನಂಬರು.”

“ಮುಂದಿನ ಬಾಗಲಾಗ ಕಾವಲು ಕುಂದ್ರಿಸಿ, ಹಿತ್ತಲ ಹಾದಿ ಗ್ವಾಡಿ ಮ್ಯಾಲ ಬರದೀರಿ. ಅದೂ ಎಣ್ಣಿ ಬಣ್ಣದಾಗ.”

ಆ ಗೋಡೆಯ ಫೋಟೊ ತಿಂಗಳುಗಳಿಂದ ಫೋನಿನಿಂದ ಫೋನಿಗೆ ಹೋಗುತ್ತಿತ್ತು. ಕಾವಲು ಸೇವೆಯ ಮೂಲಕ ಹೋಗದೆ ಯಾರು ಬೇಕಾದರೂ ನೇರ ಮನೆಗೆ ನುಗ್ಗಬಹುದಿತ್ತು. ಅನ್ವರಬಿ ಲೈನಿನ ನಂಬರು ಬದಲಿಸಿದಳು. ಹೊಸದನ್ನು ಕಾವಲು ಸೇವೆಗೆ ಮಾತ್ರ ಕೊಟ್ಟರು. ದಾಳಿ ನಿಂತಿತು. ಮಾಡಿದವರು ಯಾರೆಂದು ತಿಳಿಯಲೇ ಇಲ್ಲ.

ಅಂದೇ ಭಗವಂತರಾಯ ಮೌನಮ್ಮನ ಮೇಲಿನ ತಡೆ ತೆಗೆದ. ಆಗ ಅವಳ ಓಣಿಯನ್ನು ನೋಡಲು ಹೋದ. ಬಯಲಿತ್ತು. ಅವಳು ಕೊನೆಯ ಇಟ್ಟಿಗೆ ಇಟ್ಟು ಮೂವತ್ತನಾಲ್ಕು ದಿನವಾಗಿತ್ತು. ಕಂಪ್ಯೂಟರ್ ತನಗೆ ಒಪ್ಪಿಸಿದ ಕಾಯಿದೆಯನ್ನು ನಾಲ್ಕು ದಿನ ಹಿಂದೆಯೇ ನಡೆಸಿತ್ತು. ನಕಲು ಇರಬಹುದೆಂದು ಹುಡುಕಿದ. ಡಿಸ್ಕಿನಲ್ಲಿ ಜಾಗ ಸಾಲದೆಂದು ಅವನು ಇಡುತ್ತಿದ್ದದ್ದು ಎರಡು ದಿನದ ನಕಲು ಮಾತ್ರ.

ಮರುದಿನ ಬೆಳಿಗ್ಗೆ ಸುರಪುರಕ್ಕೆ ಹೋಗಿ ಹೇಳಿದ. ಮೌನಮ್ಮ ಮಷಿನ್ ನಿಲ್ಲಿಸಲಿಲ್ಲ.

“ಬಾವಿನೂ ಹೋಗ್ಯದೇನು?”

“ಹೌದ್ರೀ ಅಕ್ಕಾ.”

“ಯಾರು ಮಾಡಿದ್ರಂತ ಗೊತ್ತಾತೇನು?”

“ಇಲ್ರೀ.”

“ಮತ್ತ ನಾ ಅಲ್ಲಂತ ಹೆಂಗ ಗೊತ್ತಾತು?”

ಓಣಿಯನ್ನು ತಾನೂ ಕೂಡಿ ಮತ್ತೆ ಕಟ್ಟುವುದಾಗಿ ಅವನು ಹೇಳಿದ.

“ಮಲಕಮ್ಮ ದೀಪಾವಳಿ ಮುಂದ ತೀರಿಕೊಂಡ್ಳು,” ಎಂದಳು ಮೌನಮ್ಮ. “ಹೆಜ್ಜಿ ಯಾರನ್ನ ಕೇಳ್ತಿ?” ಆಮೇಲೆ ಸೊಸೆಯನ್ನು ಕರೆದು, ಅವನಿಗೆ ಚಹಾ ಕೊಡಲು ಹೇಳಿದಳು.

ಊರಿಗೆ ಬಂದವನೇ ಮೂವತ್ತು ದಿನದ ಕಾಯಿದೆಯನ್ನು ತೆಗೆದುಹಾಕಿದ. ಗೋಡೆಯ ಮೇಲಿನ ನಂಬರನ್ನು ಉಜ್ಜಿ ಅಳಿಸಿದ. ಮೌನಮ್ಮನ ಹೆಸರಿನ ಮೇಲಿನ ಸುಣ್ಣವನ್ನು ಕೆರೆದಾಗ ನೀಲಿ ಬಣ್ಣವೂ ಕಿತ್ತು ಬಂತು; ಅದೇ ಜಾಗದಲ್ಲಿ ಮತ್ತೆ ಬರೆದ. ಅವಳು ಈವರೆಗೆ ಬಂದಿಲ್ಲ. ಆ ಪಾಳಿ ಕೇಳಿದವರಿದ್ದಾರೆ, ಅವನು ಕೊಟ್ಟಿಲ್ಲ. ಶನಿವಾರ ಸಂಜೆ ಆರರಿಂದ ಎಂಟರವರೆಗೆ ಅವನ ಸರ್ವರಿನಲ್ಲಿ ಏಳೇ ಮಂದಿ ಆಡುತ್ತಾರೆ.